ಮೂರು ಬೊಗಸೆ ಹೆಚ್ಚು

ರಷ್ಯಾದಿಂದ ಬಂದ ಫ್ಯಾಕ್ಸಿನಲ್ಲಿ ಇದ್ದದ್ದು ಆರೇ ಸಾಲು. ನಮ್ಮ ಘಟಕದಿಂದ ಹೋದ ಮಿಡಿಸೌತೆಯ ಕಂಟೇನರನ್ನು ಅಲ್ಲಿನ ಬಂದರಿನಲ್ಲಿ ತಡೆದಿದ್ದಾರೆ. ಕಾಗದದಲ್ಲಿ ಬರೆದ ತೂಕಕ್ಕೂ ಡ್ರಮ್ಮಿನೊಳಗಿನ ಕಾಯಿಯ ತೂಕಕ್ಕೂ ತಾಳೆಯಾಗುತ್ತಿಲ್ಲ. ಹಿಂದೆಯೇ ಹೊರಟ ಇನ್ನೆರಡು ಕಂಟೇನರು ಸಮುದ್ರದ ಮೇಲಿವೆ, ಅವು ಬಂದರೂ ಇದೇ ಗತಿ. ಒಪ್ಪುವಂಥ ಕಾರಣವನ್ನು ಹತ್ತು ದಿನದೊಳಗೆ ಬರೆದು ತಿಳಿಸದಿದ್ದರೆ ಮೂರನ್ನೂ ವಾಪಸು ಕಳಿಸಲಾಗುವುದು, ಮುಂದಿನ ಖರೀದಿ ರದ್ದು. ಜೊತೆಗೆ ನಾವೇ ಕಳಿಸಿದ್ದ ಪ್ಯಾಕಿಂಗ್ ಪಟ್ಟಿಯ ನಕಲು. ಅದರ ಕೆಳಗೆ ನನ್ನ ಸಹಿ.

ಕೂತು ಓದುವ ಸ್ವಭಾವ ನನ್ನದಲ್ಲ. ನಿಂತೇ ಓದಿ, ಓಡಾಡುತ್ತ ಇನ್ನೊಮ್ಮೆ ಓದಿ, ಮಾಲೀಕರ ಕೋಣೆಯ ಬಾಗಿಲನ್ನು ತಟ್ಟದೆಯೇ ಒಳಗೆ ನುಗ್ಗಿದೆ.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ತಗಡಿನ ಮಾಡಿನ ಎರಡು ಶೆಡ್ಡು, ಸಾಲಾಗಿ ಉಪ್ಪುನೀರಿನ ತೊಟ್ಟಿಗಳು, ಒಂದು ಫ್ಯಾಕ್ಸ್ ಯಂತ್ರ. ಇಷ್ಟೇ ನಮ್ಮ ಘಟಕ. ಗುಣಮಟ್ಟ ನೋಡುವುದು, ರಫ್ತಿನ ಕಾಗದ ಬರೆಯುವುದು ಎರಡೂ ನನ್ನ ಪಾಲಿಗಿತ್ತು. ಹೊಳೆದಂಡೆಯ ಮಾಗಳದಿಂದ ಹಿಡಿದು ಇತ್ತ ಹರಪನಹಳ್ಳಿ ತಾಲೂಕಿನ ಅರಸೀಕೆರೆಯವರೆಗೆ ರೈತರು ನಮ್ಮಿಂದ ಬೀಜ ಒಯ್ದು ಕಾಲೆಕರೆ, ಅರ್ಧೆಕರೆಯಲ್ಲಿ ಬಳ್ಳಿ ಹಬ್ಬಿಸುತ್ತಿದ್ದರು. ಕಾಯಿ ಬೆರಳುದ್ದ ಇರುವಾಗಲೇ ಕೀಳಬೇಕು. ಒಂದು ದಿನ ಬಿಟ್ಟರೆ ದಪ್ಪವಾಗುತ್ತದೆ, ಎರಡು ದಿನ ಬಿಟ್ಟರೆ ರಷ್ಯಾದವರ ಬಾಟಲಿಯ ಬಾಯಲ್ಲಿ ಹಿಡಿಯುವುದಿಲ್ಲ. ನಮ್ಮ ಕಡೆ ಅದನ್ನು ಇಷ್ಟಪಟ್ಟು ತಿನ್ನುವವರು ಯಾರೂ ಇಲ್ಲ. ಘಟಕ ಕೊಳ್ಳುವುದನ್ನು ನಿಲ್ಲಿಸಿದರೆ ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಅಂದರೆ ಆ ಆರು ಸಾಲು ನಮ್ಮ ಆಫೀಸಿಗಲ್ಲ, ಅಷ್ಟೂ ಬಳ್ಳಿಗಳ ಬುಡಕ್ಕೇ ಬಂದಿತ್ತು.

ಮಾಲೀಕರು ಕೊಟ್ಟೂರಿನ ಹಳೆಯ ಶೇಂಗಾ ವ್ಯಾಪಾರದ ಮನೆತನದವರು. ಫ್ಯಾಕ್ಸನ್ನು ಕೈಗೆ ತೆಗೆದುಕೊಳ್ಳದೆ ಕೇಳಿದರು.

“ಎಷ್ಟು ಕಡಿಮಿ ಬಿದ್ದೈತಂತ?”

“ಕಡಿಮಿ ಅಲ್ರಿ ಸಾವ್ಕಾರ್ರ, ಹೆಚ್ಚು ಬಿದ್ದೈತಂತ.”

“ಹೆಚ್ಚು ಕೊಟ್ಟಿದ್ದಕ್ಕ ತಡದಾರ?” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಲ್ಲಿ ಸುಂಕ ಹಾಕುವುದು ಕಾಯಿಯ ತೂಕದ ಮೇಲೆ. ಬರೆದದ್ದಕ್ಕಿಂತ ಹೆಚ್ಚಿದ್ದರೆ ಸುಂಕ ತಪ್ಪಿಸಿ ಸರಕು ಸಾಗಿಸಿದಂತೆ ಎಂದು ವಿವರಿಸಿದೆ. ಹೆಚ್ಚು ಕೊಟ್ಟವರನ್ನು ಕಳ್ಳರೆಂದು ಕರೆಯುವ ವ್ಯವಹಾರವನ್ನು ಅವರೂ ನಾನೂ ಅಂದೇ ಮೊದಲು ಕಂಡದ್ದು.

“ಹಿಂದಕ ರಷ್ಯಾದೋರು ನಮ್ಮ ದೇಶದ ಮಾಲು ರೂಪಾಯಿಗೇ ಒಯ್ತಿದ್ರು, ಏನೂ ತಂಟಿ ಇದ್ದಿಲ್ಲ. ಡಾಲರು ಬಂತು, ತಕ್ಕಡಿನೂ ಬಂತು” ಎಂದು ಗೊಣಗಿದರು. “ನೀವ ಬರದದ್ದು, ನೀವ ಬಿಡಿಸ್ರಿ.”

ನನಗೆ ಬಂದದ್ದು ಭಯವಲ್ಲ, ಸಿಟ್ಟು. ನನ್ನ ತೂಕವನ್ನು ಅನುಮಾನಿಸುವುದೆಂದರೇನು? ನಾಲ್ಕನೇ ಕಂಟೇನರಿಗೆಂದು ಮುಚ್ಚಿಟ್ಟಿದ್ದ ಡ್ರಮ್ಮುಗಳು ಅಂಗಳದಲ್ಲೇ ಇದ್ದವು. ಹತ್ತು ಡ್ರಮ್ಮುಗಳನ್ನು ಆರಿಸಿ ದೊಡ್ಡ ತಕ್ಕಡಿಯ ಮೇಲೆ ಇರಿಸಿದೆ. ಡ್ರಮ್ಮು, ಉಪ್ಪುನೀರು, ಕಾಯಿ ಎಲ್ಲ ಸೇರಿ ಎಷ್ಟಿರಬೇಕೋ ಅಷ್ಟೇ ಇತ್ತು. ‘ನಮ್ಮ ತಕ್ಕಡಿ ಸರಿಯಾಗಿದೆ, ದಯವಿಟ್ಟು ನಿಮ್ಮದನ್ನು ಪರೀಕ್ಷಿಸಿಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಖಾರವಾಗಿ ಬರೆದು ಊಟದ ಗಂಟೆಗೆ ಮೊದಲೇ ಕಳಿಸಿಬಿಟ್ಟೆ. ಅಂದು ಊಟ ಚೆನ್ನಾಗಿ ಸೇರಿತು.

ಮೂರನೆಯ ದಿನ ಉತ್ತರ ಬಂತು. ರಷ್ಯಾದವರು ಬರೆದಿದ್ದರು: ಮುಚ್ಚಿದ ಡ್ರಮ್ಮನ್ನು ನಾವು ತೂಗಿಲ್ಲ. ಎಂಟು ಡ್ರಮ್ಮುಗಳನ್ನು ತೆರೆದು, ನೀರು ಸೋಸಿ, ಬರೀ ಕಾಯಿಯನ್ನು ತೂಗಿದ್ದೇವೆ. ಪಟ್ಟಿ ಲಗತ್ತಿಸಿದೆ. ಎಂಟರಲ್ಲೂ ಬರೆದದ್ದಕ್ಕಿಂತ ಒಂದು ಕಿಲೋಗೂ ಮೀರಿ ಹೆಚ್ಚಿದೆ.

ಓದುತ್ತಿದ್ದಂತೆ ಮುಖ ಬಿಸಿಯಾಯಿತು. ತುಂಬಿದ ಡ್ರಮ್ಮಿಗೆ ಒಂದು ಕಿಲೋ ಕಾಯಿ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಉಪ್ಪುನೀರು ಹೊರಗೆ ಚೆಲ್ಲುತ್ತದೆ. ಒಟ್ಟು ತೂಕ ಇದ್ದಲ್ಲೇ ಇರುತ್ತದೆ. ವಿಜ್ಞಾನ ಓದಿ ಪದವಿ ಪಡೆದವಳು ನಾನು. ತುಂಬಿದ ಕೊಡದಲ್ಲಿ ಕೈ ಅದ್ದಬೇಡ, ನೀರು ಚೆಲ್ಲುತ್ತದೆ ಎಂದು ಬಾಗಳಿಯ ನಮ್ಮಜ್ಜಿ ನನಗೆ ಐದು ವರ್ಷವಿದ್ದಾಗಲೇ ಹೇಳಿದ್ದಳು. ಹತ್ತು ದಿನದಲ್ಲಿ ಮೂರು ದಿನವನ್ನು ಸೊಕ್ಕಿನಿಂದ ಕಳೆದಿದ್ದೆ.

ತಕ್ಷಣ ನಾಲ್ಕು ಡ್ರಮ್ಮುಗಳನ್ನು ತೆರೆಸಿ, ಕಾಯಿಯನ್ನು ಜಾಲರಿಯ ಮೇಲೆ ಸುರಿಸಿ, ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು ತೂಗಿದೆ. ಒಂದು ಡ್ರಮ್ಮಿಗೆ ನೂರ ಅರವತ್ತು ಕಿಲೋ ಕಾಯಿ ಎಂದು ನಮ್ಮ ಒಪ್ಪಂದ. ಅರ್ಧ ಕಿಲೋ ಅತ್ತಿತ್ತಲಾದರೆ ನಡೆಯುತ್ತದೆ. ಮೊದಲನೆಯದರಲ್ಲಿ ಒಂದು ಕಿಲೋ ನಾನೂರು ಗ್ರಾಂ ಹೆಚ್ಚು. ಎರಡನೆಯದರಲ್ಲಿ ಒಂದು ಕಿಲೋ ಏಳುನೂರು. ಮೂರನೆಯದು ಒಂದು ಕಿಲೋ ನೂರು. ನಾಲ್ಕನೆಯದು ಮತ್ತೆ ಒಂದು ಕಿಲೋ ನಾನೂರು. ರಷ್ಯಾದವರು ಸುಳ್ಳು ಹೇಳಿರಲಿಲ್ಲ.

ಇನ್ನು ತೂಕ ಹೇಗೆ ಹೆಚ್ಚುತ್ತಿದೆ ಎಂದು ಹುಡುಕಬೇಕು. ನಮ್ಮಲ್ಲಿ ಕೆಲಸ ಸಾಗುವ ಬಗೆ ಹೀಗೆ. ಹೊಲದಿಂದ ಬಂದ ಕಾಯಿ ಕೆಲವು ವಾರ ತೊಟ್ಟಿಯ ಉಪ್ಪುನೀರಿನಲ್ಲಿ ಮುಳುಗಿರುತ್ತದೆ. ಹಡಗಿಗೆ ಕಳಿಸುವ ಮೊದಲು ಅದನ್ನು ಹೊರತೆಗೆದು, ಗಾತ್ರ ನೋಡಿ ಆರಿಸಿ, ನೀರು ಇಳಿಸಿ ಡ್ರಮ್ಮಿಗೆ ತುಂಬುತ್ತಾರೆ. ತಕ್ಕಡಿಯ ಮೇಲೆ ನೂರ ಅರವತ್ತಕ್ಕೆ ಬರುವ ತನಕ ಹಾಕುವುದು, ತೆಗೆಯುವುದು. ತೆಗೆದ ಕಾಯಿ ಪಕ್ಕದ ಕ್ರೇಟಿಗೆ. ತೂಗಿದ ಡ್ರಮ್ಮನ್ನು ಗೋಡೆಯಾಚೆಗೆ ತಳ್ಳಿದರೆ ಅಲ್ಲಿ ಹೊಸ ಉಪ್ಪುನೀರು ತುಂಬಿ, ಮುಚ್ಚಳ ಹಾಕಿ, ಅದರ ಸುತ್ತ ಕಬ್ಬಿಣದ ಬಳೆ ಬಿಗಿಯುತ್ತಾರೆ. ಮುಚ್ಚಿದವರು ತಮ್ಮ ಗುರುತಿಗೆ ಒಂದು ಬಣ್ಣದ ಚುಕ್ಕೆ ಇಡಬೇಕು. ಡ್ರಮ್ಮು ಸೋರಿದರೆ ಯಾರ ಕೈ ಸಡಿಲ ಎಂದು ತಿಳಿಯಲಿ ಅಂತ ನಾನೇ ಮಾಡಿದ ಏರ್ಪಾಡು. ಡ್ರಮ್ಮಿನ ನಂಬರು, ಅದರೆದುರು ಚುಕ್ಕೆಯ ಬಣ್ಣ, ಒಂದು ಪುಸ್ತಕದಲ್ಲಿ.

ಎರಡು ದಿನ ನಿಂತಲ್ಲಿ ನಿಲ್ಲಲಿಲ್ಲ. ಪೇಟೆಯಿಂದ ಮುದ್ರೆ ಒತ್ತಿದ ತೂಕದ ಕಲ್ಲುಗಳನ್ನು ತರಿಸಿ ತಕ್ಕಡಿಯ ಮೇಲೆ ಹೇರಿಸಿದೆ. ಸರಿಯಾಗಿತ್ತು. ಖಾಲಿ ಡ್ರಮ್ಮುಗಳು ಒಂದೊಂದು ಒಂದೊಂದು ತೂಕವೇನೋ ಎಂದು ಇಪ್ಪತ್ತು ತೂಗಿದೆ. ಸರಿಯಾಗಿದ್ದವು. ನೀರು ಪೂರ್ತಿ ಇಳಿಯುವ ಮೊದಲೇ ತೂಗುತ್ತಿದ್ದಾರೇನೋ ಎಂದು ಜಾಲರಿಯ ಹತ್ತಿರ ಗಡಿಯಾರ ಹಿಡಿದು ನಿಂತೆ. ಹಾಗಿದ್ದರೆ ತೂಕ ಕಡಿಮೆಯಾಗಬೇಕಿತ್ತೇ ಹೊರತು ಹೆಚ್ಚಲ್ಲ ಎಂದು ಅರ್ಧ ಗಂಟೆಯ ಮೇಲೆ ಹೊಳೆಯಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ.

“ತೂಕ ಯಾರಾದ್ರೂ ಮುಟ್ಟೀರೇನು?”

“ಇಲ್ರಿ ಮೇಡಮ್ಮಾರ.” ಒಬ್ಬೊಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಯಾರ ಮುಖದಲ್ಲೂ ಕಳ್ಳತನ ಕಾಣಲಿಲ್ಲ. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಸಾಗಣೆ ನಿಂತು ತೊಟ್ಟಿಗಳು ತುಂಬಿ, ಗೇಟಿನಲ್ಲಿ ತಂದ ಕಾಯಿಯಲ್ಲಿ ಅರ್ಧವನ್ನಷ್ಟೇ ತೆಗೆದುಕೊಳ್ಳತೊಡಗಿದ್ದೆವು. ಕೂಡ್ಲಿಗಿ ಕಡೆಯ, ಕುರಿ ಸಾಕಿಕೊಂಡೇ ಕಾಲೆಕರೆ ಬಳ್ಳಿ ಹಾಕಿದ್ದ ರೈತನೊಬ್ಬ ನಾಲ್ಕು ಕ್ರೇಟು ತಂದಿದ್ದ. ಎರಡನ್ನು ಹಿಂದಕ್ಕೆ ಕೊಟ್ಟೆ.

“ಇವನ್ನ ಏನ್ ಮಾಡ್ಲಿ ಯಕ್ಕಾ? ಕುರಿಗೆ ಹಾಕಿದ್ರ ಎರಡು ದಿನ ತಿಂದ್ವು. ನಿನ್ನಿ ಮೂಸಿ ನೋಡಿ ಹಂಗ ಹೋದ್ವು.”

“ಇನ್ನೊಂದು ವಾರ ತಡೀರಿ.”

“ನಾ ತಡೀತೀನಿ. ಬಳ್ಳಿ ತಡೀತೈತೇನ್ರಿ?”

ಎರಡು ಕ್ರೇಟಿನ ಚೀಟಿ ಬರೆದುಕೊಟ್ಟು ಒಳಗೆ ಹೋದೆ. ಆತ ಎರಡು ಕ್ರೇಟು ಹೊತ್ತುಕೊಂಡು ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಿದ್ದು ಕಿಟಕಿಯಿಂದ ಕಾಣುತ್ತಲೇ ಇತ್ತು.

ಆರನೆಯ ದಿನ ಬೆಳಗಿನಿಂದ ತಕ್ಕಡಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ತೂಗುವವರ ಕೈ ನೋಡಿದೆ, ಅಂಕಿ ನೋಡಿದೆ. ಒಂದು ಕಾಯಿಯೂ ಹೆಚ್ಚಿಲ್ಲ. ಕೂತು ಕೂತು ಕಾಲು ಜುಮುಗುಟ್ಟಿ, ಬೇಸರಕ್ಕೆ ಎದ್ದು, ಆಗಷ್ಟೇ ತೂಗಿದ ಒಂದು ಡ್ರಮ್ಮಿನ ಹಿಂದೆಯೇ ಗೋಡೆಯಾಚೆಗೆ ನಡೆದೆ.

ಅಲ್ಲಿ ಮುಚ್ಚುವ ನಾಲ್ವರು ಹೆಂಗಸರಲ್ಲಿ ಹಿರಿಯಳೊಬ್ಬಳಿದ್ದಳು. ಎತ್ತರದ ಆಳು, ಅಗಲವಾದ ಕೈ. ನಾವೆಲ್ಲ ಆಕೆಯನ್ನು ಮುಚ್ಚಳದಮ್ಮ ಎಂದೇ ಕರೆಯುತ್ತಿದ್ದೆವು. ಪೈಪಿನಿಂದ ಉಪ್ಪುನೀರು ಬಿದ್ದಂತೆ ಡ್ರಮ್ಮಿನೊಳಗಿನ ಕಾಯಿ ಕುಸಿದು, ಬಾಯಿಯ ಹತ್ತಿರ ನಾಲ್ಕು ಬೆರಳಿನಷ್ಟು ಬರೀ ನೀರು ಉಳಿಯಿತು. ಮುಚ್ಚಳದಮ್ಮ ಸಲೀಸಾಗಿ ಹಿಂದಕ್ಕೆ ತಿರುಗಿ, ತಕ್ಕಡಿಯವರು ತೆಗೆದಿಟ್ಟ ಕಾಯಿಯ ಕ್ರೇಟಿಗೆ ಎರಡೂ ಕೈ ಹಾಕಿ, ಬೊಗಸೆ ತುಂಬ ಎತ್ತಿ ಡ್ರಮ್ಮಿಗೆ ಸುರಿದಳು. “ಲಾಭ.” ಇನ್ನೊಂದು ಬೊಗಸೆ. “ಎರಡು.” ಇನ್ನೊಂದು. “ಮೂರು.” ಒಂದು ಎನ್ನದೆ ಲಾಭ ಎಂದು ಎಣಿಕೆ ಶುರುಮಾಡುವುದು ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವವರ ರೂಢಿ. ಉಪ್ಪುನೀರು ಅಂಚಿನಿಂದ ಚೆಲ್ಲಿ ಆಕೆಯ ಕಾಲ ಮೇಲೆ ಹರಿಯಿತು. ಮುಚ್ಚಳ ಬಿತ್ತು, ಬಳೆ ಬಿಗಿಯಿತು, ಕೆಂಪು ಚುಕ್ಕೆಯೂ ಬಿತ್ತು.

“ಯಮ್ಮಾ, ಈಗ ಏನ್ ಹಾಕಿದ್ರಿ?”

“ಕೊಸರು ರೀ.”

“ಎಲ್ಲಾ ಡ್ರಮ್ಮಿಗೂ ಹಾಕ್ತೀರೇನು?”

“ಮತ್ತ? ಒಂದಕ್ಕ ಹಾಕಿ ಒಂದಕ್ಕ ಬಿಡಾಕ ಬರತೈತೇನ್ರಿ?”

“ತೂಕ ಮುಟ್ಟಿಲ್ಲ ಅಂದ್ರಲ್ಲ ಮೊನ್ನೆ!”

“ತೂಕ ಎಲ್ಲಿ ಮುಟ್ಟೀನ್ರಿ? ಇದು ತೂಕ ಆದ ಮ್ಯಾಲಿಂದು.” ಆಕೆ ಮುಂದಿನ ಡ್ರಮ್ಮಿನ ಬಾಯಿ ತೋರಿಸಿದಳು. “ನೋಡ್ರಿ, ಹೆಂಗ ಬಿದ್ದೈತಿ. ಅಷ್ಟು ದೂರ ಹೋಗೋ ಮಾಲು. ಬಿಚ್ಚಿದ ಕೂಡ್ಲೆ ಕೊರತಿ ಕಂಡ್ರ, ಯಾವೂರೋರಪ್ಪಾ ಇವ್ರು ಅನ್ನಂಗಿಲ್ಲೇನ್ರಿ?”

ಹಿಂದಿನ ವರ್ಷ ಈ ತಕರಾರು ಯಾಕೆ ಇರಲಿಲ್ಲ ಎಂಬುದೂ ಆಗಲೇ ತಿಳಿಯಿತು. ಆಗ ಡ್ರಮ್ಮು ಮುಚ್ಚುತ್ತಿದ್ದವರು ಗಂಡಸರು. ಸಂಡೂರು, ಹೊಸಪೇಟೆ ಕಡೆ ಅದಿರು ಅಗೆದು ಚೀನಾಕ್ಕೆ ಕಳಿಸುವ ಭರಾಟೆ ಎದ್ದದ್ದೇ ತಡ, ಅವರೆಲ್ಲ ಲಾರಿ ಹತ್ತಿ ಹೋದರು. ಅವರ ಜಾಗಕ್ಕೆ ನಾನು ಹಾಕಿದ್ದು ಈ ನಾಲ್ವರನ್ನು, ಹುಟ್ಟಿದಾಗಿನಿಂದ ಮನೆಯಲ್ಲಿ ಜೋಳ, ಶೇಂಗಾ ಅಳೆದು ಕೊಟ್ಟು ಅಭ್ಯಾಸವಿದ್ದವರನ್ನು. ಚೀನಾ ನಮ್ಮ ಗಂಡಸರನ್ನು ಎಳೆದುಕೊಂಡಿದ್ದಕ್ಕೆ ರಷ್ಯಾಕ್ಕೆ ಕೊಸರು ಹೋಗಿತ್ತು.

ನಗು ಬಂತು, ಅಳುವೂ ಬಂತು. ಆದರೆ ಬಾಯಿಂದ ಹೊರಟದ್ದು ಕೂಗು. “ನಿಮ್ಮ ಮೂರು ಬೊಗಸಿಗೆ ಮೂರು ಕಂಟೇನರ್ ನಿಂತಾವ, ಗೊತ್ತೈತೇನು? ಮಂದಿ ಬಳ್ಳಿ ಕಿತ್ತು ಹಾಕೋ ಹೊತ್ತು ಬಂದೈತಿ!”

ಮುಚ್ಚಳದಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಒದ್ದೆ ಹೋದ ಮೇಲೂ ಒರೆಸುತ್ತಲೇ ಇದ್ದಳು. “ಹೆಚ್ಚು ಹಾಕಿದ್ದಕ್ಕೇನ್ರಿ?” ಎಂದಳು. ನನಗೆ ಕೂಗಿದ್ದಕ್ಕೆ ನಾಚಿಕೆಯಾಯಿತು.

ಮಾಲೀಕರು ಕೇಳಿದವರೇ ದಾರಿ ಹೇಳಿಬಿಟ್ಟರು. “ತಕ್ಕಡಿ ಕೆಟ್ಟಿತ್ತು, ಹೊಸಾದು ತಂದೀವಿ ಅಂತ ಬರೀರಿ. ಆ ನಾಕು ಮಂದಿಗೆ ನಾಳಿಂದ ಬರಬ್ಯಾಡ ಅನ್ರಿ. ಮುಗೀತು.”

ಹೋಗಿ ಟೈಪು ಮಾಡಿದೆ ಕೂಡ. ಮೂರೇ ಸಾಲು, ಓದಲು ಹಿತವಾಗಿತ್ತು. ಕಳಿಸುವ ಮೊದಲು ಇನ್ನೊಮ್ಮೆ ಅವರ ಪಟ್ಟಿ ನೋಡಿದೆ. ಒಂದು ಡ್ರಮ್ಮಿಗೆ ಸಾವಿರದ ನೂರು ಗ್ರಾಂ, ಇನ್ನೊಂದಕ್ಕೆ ಸಾವಿರದ ಏಳುನೂರು. ತಕ್ಕಡಿ ಕೆಟ್ಟರೆ ಎಲ್ಲದರಲ್ಲೂ ಒಂದೇ ಸಮ ಕೆಡುತ್ತದೆ. ಈ ಸುಳ್ಳು ಅವರದೇ ಪಟ್ಟಿಯ ಮುಂದೆ ನಿಲ್ಲುವಂತಿರಲಿಲ್ಲ. ನಾನೇನು ಸುಳ್ಳೇ ಆಡದವಳಲ್ಲ. ಸುಳ್ಳು ನಿಲ್ಲುವಂತಿದ್ದರೆ ಕಳಿಸಿಬಿಡುತ್ತಿದ್ದೆನೋ ಏನೋ. ಆದರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಆ ಕೈಗಳು ಕಣ್ಣ ಮುಂದಿಂದ ಸರಿಯುತ್ತಿರಲಿಲ್ಲ. ಕೈ ಎಂದುಕೊಂಡಾಗಲೇ ಚುಕ್ಕೆಗಳ ನೆನಪಾಯಿತು. ಯಾವ ಡ್ರಮ್ಮನ್ನು ಯಾರ ಕೈ ಮುಚ್ಚಿತೆಂದು ನನ್ನ ಪುಸ್ತಕದಲ್ಲಿ ಇದೆಯಲ್ಲ!

ಟೈಪು ಮಾಡಿದ ಹಾಳೆಯನ್ನು ಹರಿದು ಶೆಡ್ಡಿಗೆ ಓಡಿದೆ. ನಾಲ್ವರನ್ನೂ ಸಣ್ಣ ತಕ್ಕಡಿಯ ಮುಂದೆ ನಿಲ್ಲಿಸಿ, ಡ್ರಮ್ಮಿಗೆ ಹಾಕುವಂತೆಯೇ ಮೂರು ಬೊಗಸೆ ತಟ್ಟೆಗೆ ಹಾಕಿ ಎಂದೆ. ಒಬ್ಬೊಬ್ಬರೂ ಹತ್ತು ಸಲ. ಮೊದಲು ಯಾರೂ ಕೈ ಮುಂದೆ ಮಾಡಲಿಲ್ಲ.

“ಕೈ ತೂಗಿ ಕೆಲಸಾ ಬಿಡಸ್ತಾರ ಕಾಣತೈತಿ” ಎಂದಳು ನಾಲ್ವರಲ್ಲಿ ಕಿರಿಯಳು, ಹೊಸದಾಗಿ ಮದುವೆಯಾಗಿ ಬಂದ ತೆಳ್ಳನೆಯ ಹುಡುಗಿ.

“ಉಳಸ್ಕಣಾಕ ತೂಗೋದವ್ವಾ, ಹಾಕು” ಎಂದೆ. ಮಾಲೀಕರನ್ನು ಕೇಳದೆಯೇ ಆಡಿದ ಮಾತು ಅದು.

ಮುಚ್ಚಳದಮ್ಮನ ಮೂರು ಬೊಗಸೆ ಹತ್ತು ಸಲವೂ ಒಂದು ಕಿಲೋ ಏಳುನೂರರ ಆಸುಪಾಸು. ಐವತ್ತು ಗ್ರಾಮಿನಷ್ಟೂ ಆಚೀಚೆ ಆಗಲಿಲ್ಲ. ಹಳದಿ, ಹಸಿರು ಚುಕ್ಕೆಯವರು ಒಂದೇ ಮನೆಯ ನೆಗೆಣ್ಣಿಯರು, ಇಬ್ಬರದೂ ಒಂದು ಕಿಲೋ ನಾನೂರು. ಬಿಳಿ ಚುಕ್ಕೆಯ ಕಿರಿಯಳದು ಒಂದು ಕಿಲೋ ನೂರು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಫ್ಯಾಕ್ಸು ಹಿಡಿದು ಒಂದೊಂದೇ ಡ್ರಮ್ಮಿನ ನಂಬರು ಓದಿದೆ. ಮೊದಲ ಡ್ರಮ್ಮು ಕೆಂಪು, ಅವರ ಪಟ್ಟಿಯಲ್ಲಿ ಒಂದು ಕಿಲೋ ಏಳುನೂರು. ಎರಡನೆಯದು ಬಿಳಿ, ಒಂದು ಕಿಲೋ ನೂರು. ಹಳದಿ, ಒಂದು ಕಿಲೋ ನಾನೂರು. ಏಳು ಡ್ರಮ್ಮು ಹೀಗೆ ಕೂಡಿಬಂದವು. ಎಂಟನೆಯದರ ಹತ್ತಿರ ನನ್ನ ದನಿ ನಿಂತಿತು. ಅವರ ಪಟ್ಟಿಯಲ್ಲಿ ಎರಡು ಕಿಲೋ ಎಂಟುನೂರು ಗ್ರಾಂ. ಅಂಥ ಕೈ ನಮ್ಮಲ್ಲಿ ಯಾರಿಗೂ ಇಲ್ಲ.

ಪುಸ್ತಕ ನೋಡಿದೆ. ಆ ಡ್ರಮ್ಮಿನ ಮುಂದೆ ಎರಡು ಚುಕ್ಕೆ, ಕೆಂಪು ಮತ್ತು ಬಿಳಿ. ಕಿರಿಯಳು ಮುಖ ಮುಚ್ಚಿಕೊಂಡಳು.

“ಊಟದ ಗಂಟಿ ಹೊಡೀತ್ರಿ” ಎಂದಳು ಮುಚ್ಚಳದಮ್ಮ. “ನಾ ಕೊಸರು ಹಾಕಿ, ಚುಕ್ಕಿ ಇಟ್ಟು ಎದ್ದೆ. ಮುಚ್ಚಳ ಹಾಕಾಕ ಬಂದ ಈಕಿ ತಾನೂ ಹಾಕ್ಯಾಳ.”

“ನೀ ಹಾಕಿದ್ದು ನನಗೇನ್ ಗೊತ್ತು ಯತ್ತೀ? ನನ್ನ ಕೈಲಿ ಮುಚ್ಚೋದು, ನನ್ನ ಕೊಸರು ಬ್ಯಾಡೇನು?”

ಒಂದು ಕಿಲೋ ಏಳುನೂರಕ್ಕೆ ಒಂದು ಕಿಲೋ ನೂರು ಕೂಡಿಸಿದರೆ, ಎರಡು ಕಿಲೋ ಎಂಟುನೂರು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಎಗರಿದೆ. ನೆಗೆಣ್ಣಿಯರು ನನ್ನನ್ನು ಹಿಡಿದುಕೊಳ್ಳದಿದ್ದರೆ ಜಾರಿ ಬೀಳುತ್ತಿದ್ದೆ.

“ಹೆಂಗಸರ ಕೈ ಲೆಕ್ಕಾ ಕಳಸ್ತೀರಾ ರಷ್ಯಾಕ್ಕ? ನಗತಾರ” ಎಂದರು ಮಾಲೀಕರು.

“ನಗಲಿ ಬಿಡ್ರಿ. ಅವರು ಬರದ ಎಂಟೂ ಅಂಕಿಗೆ ನಮ್ಮತ್ರ ಉತ್ತರ ಐತಿ. ಆ ನಾಕು ಮಂದಿನ ತೆಗದ್ರ ಇದು ನಿಜ ಅಂತ ತೋರ್ಸಾಕ ಯಾರದಾರ್ರಿ?”

ಅವರು ಪಟ್ಟಿಯ ಮೇಲೆ ಬೆರಳಿಟ್ಟು ಎಂಟೂ ಸಾಲು ಓದಿದರು. ಅಜ್ಜನ ಕಾಲದಿಂದ ಅಳೆದು ಕೊಟ್ಟ ಮನೆತನ. “ಕೊಸರಿಗೆ ಇಂಗ್ಲೀಷಿನಾಗ ಏನಂತೀರಿ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೊಸರು ಎಂದೇ ಬರೆದು, ಅಳತೆ ಮುಗಿದ ಮೇಲೆ ಕೊಳ್ಳುವವರ ಮೇಲಿನ ಗೌರವಕ್ಕೆ ಬೆಲೆಯಿಲ್ಲದೆ ಕೊಡುವುದು, ಬಚ್ಚಿಟ್ಟದ್ದಲ್ಲ ಎಂದು ನಾಲ್ಕು ಸಾಲಲ್ಲಿ ವಿವರಿಸಿದೆ. ನಾಲ್ಕು ಕೈಗಳ ತೂಕ, ಎಂಟು ಡ್ರಮ್ಮುಗಳ ತಾಳೆ. ಸಮುದ್ರದ ಮೇಲಿದ್ದ ಎರಡು ಕಂಟೇನರಿನ ಪ್ರತಿ ಡ್ರಮ್ಮಿಗೂ ಚುಕ್ಕೆ ನೋಡಿ ಕೊಸರು ಕೂಡಿಸಿ ಹೊಸ ಪಟ್ಟಿ ಬರೆದೆ. ಬೇಕಾದ ಹತ್ತು ಡ್ರಮ್ಮು ತೆರೆದು ಪರೀಕ್ಷಿಸಿ ಎಂದೆ. ಮೊದಲ ಫ್ಯಾಕ್ಸಿನ ಸೊಕ್ಕಿಗೆ ಕ್ಷಮೆಯನ್ನೂ ಕೇಳಿದೆ. ಎಂಟನೆಯ ದಿನ ಕಳಿಸಿದೆ.

ಆಮೇಲಿನ ದಿನಗಳಲ್ಲಿ ಫ್ಯಾಕ್ಸಿನ ಮುಂದೆಯೇ ಸುಳಿದಾಡಿದೆ. ಕಾಗದ ಮುಗಿದಿದೆಯೇ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಹಡಗಲಿ ಕಡೆಯವರು ಬಳ್ಳಿ ಕಿತ್ತರಂತೆ ಎಂದು ಯಾರೋ ಹೇಳಿದರು, ಇಲ್ಲ ಎಂದು ಇನ್ನೊಬ್ಬರು. ಕೂಡ್ಲಿಗಿಯ ಆ ರೈತ ಮತ್ತೆ ಬಂದ. ಈ ಸಲ ನಾಲ್ಕರ ಬದಲು ಎರಡೇ ಕ್ರೇಟು. ಉಳಿದ ಬಳ್ಳಿ ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಉತ್ತರ ಬಂದಾಗ ಎರಡನೆಯ ಕಂಟೇನರು ಅಲ್ಲಿ ಇಳಿದಿತ್ತು. ಹತ್ತು ಡ್ರಮ್ಮು ತೆರೆದಿದ್ದರು. ಹತ್ತೂ ನನ್ನ ಹೊಸ ಪಟ್ಟಿಗೆ ತಾಳೆಯಾಗಿತ್ತು. ಹೆಚ್ಚುವರಿ ಸುಂಕ ನಮ್ಮ ಮೇಲೆ, ಸರಕು ಬಿಡುಗಡೆ, ಮುಂದಿನದನ್ನು ತುಂಬಬಹುದು. ಇನ್ನು ಮೇಲೆ ಬರೆದ ತೂಕಕ್ಕಿಂತ ಒಂದು ಕಾಯಿಯೂ ಹೆಚ್ಚಿರಬಾರದು. ಕೊನೆಗೆ ಒಂದು ಸಾಲು: ಮೊದಲ ಎಂಟು ಡ್ರಮ್ಮಿನಿಂದ ತೆಗೆದ ಹೆಚ್ಚಿನ ಕಾಯಿಯನ್ನು ನಿಯಮದಂತೆ ನಾಶಪಡಿಸಲಾಗಿದೆ.

ಗೇಟು ಪೂರ್ತಿ ತೆರೆಸಿದೆ. ಬಂದ ಕ್ರೇಟುಗಳನ್ನೆಲ್ಲ ಒಳಗೆ ತೆಗೆದುಕೊಳ್ಳಿ ಎಂದು ಕೂಗಿ ಹೇಳಿದೆ. ಮುಚ್ಚಳದಮ್ಮ ಕೆಲಸ ನಿಲ್ಲಿಸಿ ಹತ್ತಿರ ಬಂದಳು.

“ತಿಂದ್ರಂತೇನ್ರಿ ನಮ್ಮ ಕೊಸರು?”

“ತಿಂದ್ರಂತ. ಚಲೋ ಐತಿ ಅಂದ್ರಂತ.” ಫ್ಯಾಕ್ಸಿನಲ್ಲಿ ಬರೆಯದ ಸುಳ್ಳನ್ನು ಅಲ್ಲಿ ಹೇಳಿದೆ. ಆಕೆಯ ಮುಖ ಅರಳಿತು.

ನನ್ನ ತಲೆಯಲ್ಲಿ ಆಗಲೇ ಒಂದು ಉಪಾಯ ಸಿದ್ಧವಿತ್ತು. ಮೊದಲು ಡ್ರಮ್ಮಿಗೆ ಎರಡು ಕಿಲೋ ಕಡಿಮೆ ತುಂಬುವುದು. ಹೆಂಗಸರು ತಕ್ಕಡಿಯ ಮೇಲೆಯೇ ತಮ್ಮ ಮೂರು ಬೊಗಸೆ ಹಾಕುವುದು. ಉಳಿದದ್ದನ್ನು ಕೂಡಿಸಿ ಸರಿಯಾಗಿ ನೂರ ಅರವತ್ತು ಮಾಡುವುದು. ಕೊಸರೂ ಉಳಿಯಿತು, ತೂಕವೂ ಉಳಿಯಿತು ಎಂದು ಹಿಗ್ಗಿನಿಂದ ವಿವರಿಸಿದೆ. ಮುಚ್ಚಳದಮ್ಮ ಪೂರ್ತಿ ಕೇಳಿಸಿಕೊಂಡಳು.

“ತೂಕದಾಗ ಬಂದ್ರ ಅದು ಕೊಸರು ಹೆಂಗಾತ್ರಿ?” ಎಂದಳು.

ಮಾರನೆಯ ದಿನ ಆಕೆ ಗೋಡೆಯಾಚೆಗೆ ಹೋಗಲಿಲ್ಲ. ಕಾಯಿ ಆರಿಸುವ ಮೇಜಿನ ತುದಿಯಲ್ಲಿ ನಿಂತಿದ್ದಳು. ಮುಚ್ಚುವ ಕೆಲಸ ಬೇರೆಯವರಿಗೆ ಕೊಡಿ, ನನ್ನ ಕೈ ತಡೆಯುವುದಿಲ್ಲ ಎಂದಳು. ಉಳಿದ ಮೂವರು ಕೊಸರು ಹಾಕದೆ ಮುಚ್ಚಿದರು. ಆ ಸೀಸನ್ನಿನ ಉಳಿದ ಕಂಟೇನರುಗಳು ಒಂದೂ ತಡೆಯಿಲ್ಲದೆ ಹೋದವು. ನಾನು ನಿಶ್ಚಿಂತೆಯಿಂದ ಸಹಿ ಹಾಕಿದೆ, ಆದರೆ ಡ್ರಮ್ಮಿನ ಬಾಯಲ್ಲಿ ನಾಲ್ಕು ಬೆರಳು ಬರೀ ನೀರು ಕಂಡಾಗೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

ಕೆಲಸ ಮುಗಿಯುವ ವಾರ ಆಕೆಯ ಮನೆಗೆ ಶೇಂಗಾ ಕೊಳ್ಳಲು ಹೋದೆ. ಮೂಟೆ ಬಿಚ್ಚಿ ಸೇರಿನಲ್ಲಿ ಅಳೆದಳು. ಲಾಭ, ಎರಡು, ಮೂರು, ಆರರವರೆಗೆ. ಸೇರನ್ನು ಪಕ್ಕಕ್ಕಿಟ್ಟು ಎರಡೂ ಕೈ ಮೂಟೆಯೊಳಗೆ ಹಾಕಿ ಬೊಗಸೆ ತುಂಬ ಎತ್ತಿದವಳು, ನನ್ನ ಚೀಲದ ಮೇಲೆ ಹಾಗೇ ಹಿಡಿದು ನನ್ನ ಮುಖ ನೋಡಿದಳು.

“ಹಾಕ್ಲೋ ಬ್ಯಾಡೋ ಮೇಡಮ್ಮಾರ?”

ನಾನು ಚೀಲದ ಬಾಯನ್ನು ಅಗಲಿಸಿ ಹಿಡಿದೆ.